ಎಡಗಡೆಯ ಕಂಬಿ

ಜನವರಿ 11

ಪ್ರೀತಿಯ ಮೊಂಡಿಗೆ,

ಈ ಕಾಗದವನ್ನು ದಯವಿಟ್ಟು ಕೂತು ಓದು. ನಿಂತು ಓದಿ ತಲೆ ತಿರುಗಿದರೆ ಹಿಡಿದುಕೊಳ್ಳಲು ನಾನು ಹತ್ತಿರದಲ್ಲಿಲ್ಲ. ನಿನ್ನೆ ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ, ಹತ್ತು ಮಂದಿ ಗಣ್ಯರ ಸಮ್ಮುಖದಲ್ಲಿ, ನಿನ್ನ ಅಣ್ಣನಿಗೆ ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಅಧಿಕೃತವಾಗಿ ದಯಪಾಲಿಸಲಾಯಿತು. ಕುರ್ಚಿಯ ಬೆನ್ನಿಗೆ ಚೀಟಿ ಅಂಟಿಸಿದ್ದಾರೆ. ಅದರ ಮೇಲೆ ದಪ್ಪಕ್ಷರದಲ್ಲಿ ಬರೆದಿರುವುದು: 'ಅಳತೆ ಸದಸ್ಯ'. ಕುರ್ಚಿಯ ಒಂದು ಕಾಲು ಸ್ವಲ್ಪ ಗಿಡ್ಡ. ಹಾಗಾಗಿ ಸದಸ್ಯತ್ವ ಸ್ವೀಕರಿಸುವಾಗ ನಾನು ಒಂದು ಕಡೆಗೆ ವಾಲಿದ್ದೆ. ಜನ ಅದನ್ನು ವಿನಯ ಅಂದುಕೊಂಡರು.

ವಿಷಯ ಏನೆಂದರೆ, ನನ್ನ ಹೊಲಿಗೆ ಅಂಗಡಿಯ ಎದುರಿನ ಪಾರ್ಕು, ನಾವಿಬ್ಬರೂ ಮಂಡಿ ತರಚಿಕೊಂಡು ಬೆಳೆದ ಅದೇ ಪಾರ್ಕು, ಹೊಸದಾಗುತ್ತಿದೆ. ಮಕ್ಕಳ ಆಟದ ಜಾಗವನ್ನು ಮೂರು ಪಾಲು ಮಾಡುತ್ತಾರೆ. ಎರಡರಿಂದ ಐದು ವರ್ಷದವರಿಗೆ ಮರಳು, ತಗ್ಗಿನ ಉಯ್ಯಾಲೆ. ಐದರಿಂದ ಹತ್ತರವರಿಗೆ ಹತ್ತುವುದು, ಜಾರುವುದು. ಹತ್ತರಿಂದ ಹದಿನಾಲ್ಕರವರಿಗೆ ಹಗ್ಗದ ಬಲೆ, ಎತ್ತರದ ಕಂಬ, ಮತ್ತು ಬೇಜಾರಾದಾಗ ಮುಖ ಊದಿಸಿಕೊಂಡು ಕೂರಲು ಒಂದು ಕಟ್ಟೆ. ಕಟ್ಟೆಯ ಸಲಹೆ ನನ್ನದು.

ಇದಕ್ಕೆಲ್ಲ ದರ್ಜಿ ಯಾಕೆ ಅಂತ ಕೇಳುತ್ತೀಯ. ಕೇಳಬೇಕಾದ್ದೇ. ಹೋದ ತಿಂಗಳು ಪಾರ್ಕಿನ ಇಂಜಿನಿಯರಮ್ಮ ಕೋಟಿನ ಗುಂಡಿ ಹಾಕಿಸಲು ಬಂದಿದ್ದರು. ಮೂವತ್ತು ವರ್ಷ ಕೂಡ ಆಗಿರದ ಹುಡುಗಿ, ಕಣ್ಣು ಮಾತ್ರ ಸ್ಕೇಲಿನ ಹಾಗೆ ನೇರ. ಕಪಾಟಿನಲ್ಲಿದ್ದ ಪುಸ್ತಕಗಳನ್ನು ನೋಡಿದರು.

"ಇದೇನು ಮಾಸ್ಟ್ರೇ, ಇಷ್ಟೊಂದು ಪುಸ್ತಕ?"

"ಮಕ್ಕಳು ಮೇಡಂ. ಇಪ್ಪತ್ತೊಂಬತ್ತು ವರ್ಷದ ಮಕ್ಕಳು. ಯೂನಿಫಾರ್ಮ್ ಅಳತೆ."

"ಆರು ವರ್ಷದ ಮಗೂಗೆ ನೆಲದಿಂದ ಮಂಡಿ ಎಷ್ಟು ಎತ್ತರ ಬರುತ್ತೆ, ಹೇಳೋಕಾಗುತ್ತಾ?"

"ಯಾವ ವರ್ಷದ ಆರು ವರ್ಷದ ಮಗು ಬೇಕು ಹೇಳಿ. ಪ್ಯಾಂಟಿನ ಉದ್ದದಲ್ಲಿ ಚಡ್ಡಿ ಉದ್ದ ಕಳೆದ್ರೆ ಮುಗೀತು."

ಪಾಪ, ಅವರ ಹತ್ತಿರ ಇದ್ದ ಪಟ್ಟಿ ಬೇರೆ ಎಲ್ಲಿಯದೋ ಮಕ್ಕಳದು. ಆ ಮಕ್ಕಳು ಹುಟ್ಟುವಾಗಲೇ ಏಣಿ ಹತ್ತಿ ಬಂದವರ ಹಾಗೆ ಉದ್ದ. ಗುಂಡಿ ಹಾಕಿ ಮುಗಿಸುವಷ್ಟರಲ್ಲಿ ನಾನು ಸಮಿತಿಯಲ್ಲಿದ್ದೆ.

ನಿನ್ನೆಯ ಮೊದಲ ಸಭೆ ಒಂದೇ ಪ್ರಶ್ನೆಗೆ ನಲವತ್ತು ನಿಮಿಷ ತೆಗೆದುಕೊಂಡಿತು. ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರು, ಕೇಳಿದರು: "ಮಗೂಗೆ ಹತ್ತು ತುಂಬಿದ ದಿನ, ಅದು ಯಾವ ಪಾಲಿನಲ್ಲಿ ಆಡ್ಬೇಕು?" ಬೆಳಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ ಎಂದು ಕೊನೆಗೆ ತೀರ್ಮಾನವಾಯಿತು.

ಈಗ ಕೆಲಸದ ಮಾತು. ಅಪ್ಪನ ಜಾರುಬಂಡೆ ಇನ್ನೂ ಅಲ್ಲೇ ಇದೆ. ನೀರು ಸರಬರಾಜಿನ ವರ್ಕ್‌ಶಾಪಿನಲ್ಲಿ ಮೂಲೆಗೆ ಬಿದ್ದಿದ್ದ ಟ್ಯಾಂಕಿನ ತಗಡು, ಹಳೆ ಪೈಪು ಕೂಡಿಸಿ ಅಪ್ಪ ವೆಲ್ಡ್ ಮಾಡಿದ ಏಳು ಮೆಟ್ಟಿಲಿನ ಜಾರುಬಂಡೆ. ನಲವತ್ತೇಳು ವರ್ಷ ಆಯಿತು. ಅದನ್ನು ಕಿತ್ತು ಕೆಂಪು ಪ್ಲಾಸ್ಟಿಕ್ಕಿನದು ತರುವ ಮಾತು ನಡೆದಿದೆ. ಇರಲಿ ಅಂತ ಸಮಿತಿಗೆ ಎರಡು ಸಾಲು ಬರೆದು ಕಳಿಸು. ಮೂವತ್ತು ವರ್ಷ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಮಕ್ಕಳ ಮೂಳೆ ಕೂಡಿಸಿದ ನರ್ಸಮ್ಮ ಹೇಳಿದರೆ ತೂಕ ಬರುತ್ತದೆ. ನಿನ್ನ ಎಡಗೈಗೂ ಅದಕ್ಕೂ ಇರುವ ಹಳೆ ಮನಸ್ತಾಪ ನನಗೆ ಗೊತ್ತು. ಆದರೆ ಅದೆಲ್ಲ ಆಗಿಹೋದ ಕಥೆ, ಅಲ್ಲವೇ?

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನಾವಿಬ್ಬರೂ 'ಊಟ ಆಯ್ತಾ', 'ಆಯ್ತು', 'ಮತ್ತೆ', 'ಮತ್ತೇನಿಲ್ಲ' ದಾಟಿ ಮುಂದೆ ಹೋದ ದಾಖಲೆ ಇಲ್ಲ. ಅದಕ್ಕೇ ಕಾಗದ.

ವಾಲಿದ ಕುರ್ಚಿಯಿಂದ,
ಅಣ್ಣ


ಜನವರಿ 19

ಅಳತೆ ಸದಸ್ಯರ ಸನ್ನಿಧಾನಕ್ಕೆ,

ಕೂತೇ ಓದಿದೆ. ಬೀಳಲಿಲ್ಲ. ನಿನ್ನ ಭಾವನಿಗೂ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ: "ಇನ್ನು ಮೇಲೆ ನಿಮ್ಮಣ್ಣ ನಿಂತಿರೋವಾಗ ನಾವೂ ನಿಂತಿರ್ಬೇಕಾ?"

ಇವತ್ತಿನ ನನ್ನ ಗಿರಾಕಿಗಳು: ಅಜ್ಜನ ಹೆಗಲ ಮೇಲಿಂದ ಬಿದ್ದವನೊಬ್ಬ, ಮಂಚದಿಂದ ಮಂಚಕ್ಕೆ ಹಾರಿದ ಅವಳಿ ಹುಡುಗಿಯರಲ್ಲಿ ಒಬ್ಬಳು. ಇನ್ನೊಬ್ಬಳು ಏನೂ ಆಗದಿದ್ದರೂ ತನಗೂ ಪ್ಲಾಸ್ಟರ್ ಬೇಕೆಂದು ಹಟ ಹಿಡಿದಳು. ಬೆರಳಿಗೊಂದು ಸುತ್ತು ಬ್ಯಾಂಡೇಜು ಕಟ್ಟಿ ಕಳಿಸಿದೆ. ಜಾರುಬಂಡೆಯಿಂದ ಬಿದ್ದವರು ಯಾರೂ ಇರಲಿಲ್ಲ.

ನಿಮ್ಮ ಇಂಜಿನಿಯರಮ್ಮನಿಗೆ ಹೇಳು. ಆಟದ ಸಾಮಾನು ಯಾವ ಬಣ್ಣದ್ದು ಎನ್ನುವುದಕ್ಕಿಂತ ಅದರ ಕೆಳಗೆ ಏನು ಹಾಸುತ್ತೀರಿ ಅನ್ನುವುದು ಮುಖ್ಯ. ಸಡಿಲ ಮರಳು ಮೊಳದುದ್ದ ಆಳ ಇರಲಿ. ವಾರಕ್ಕೊಮ್ಮೆ ಕೆದಕಿಸಬೇಕು, ಇಲ್ಲದಿದ್ದರೆ ಅದೂ ಕಲ್ಲಾಗುತ್ತದೆ. ಚಿಕ್ಕವರ ಜಾಗ ದೊಡ್ಡವರು ಓಡುವ ದಾರಿಯಲ್ಲಿ ಬೇಡ. ನನ್ನ ಕೋಣೆಗೆ ಬರುವ ಮೂರು ವರ್ಷದವರಲ್ಲಿ ಅರ್ಧ ಜನ ಹತ್ತು ವರ್ಷದವರು ಡಿಕ್ಕಿ ಹೊಡೆದವರೇ.

ಜಾರುಬಂಡೆಯ ವಿಷಯ. ಅದರ ಕಾಲ ಮುಗಿದಿದ್ದರೂ ಮುಗಿದಿರಬಹುದು ಅಣ್ಣಾ. ತಗಡು ಬಿಸಿಲಿಗೆ ಕಾಯುತ್ತದೆ. ಹೋಗಲಿ ಬಿಡು. ನಾನು ಏನೂ ಬರೆಯುವುದಿಲ್ಲ.

ಮೂಲೆಯ ನಲ್ಲಿ ಈಗಲೂ ಸೋರುತ್ತಾ?

ಅತ್ತಿಗೆಗೆ ಮಂಡಿನೋವು ಕಡಿಮೆ ಆಯಿತೇ ತಿಳಿಸು. ಬೆಳಗ್ಗೆ ನಡೆಯಲು ಹೇಳು. ನಿನ್ನ ಜೊತೆ ಬೇಡ, ನೀನು ಹೆಜ್ಜೆಗೊಂದು ಸಲ ನಿಂತು ಮಾತಾಡುತ್ತೀಯ.

ನಿನ್ನ ತಂಗಿ


ಜನವರಿ 27

ಮೊಂಡಿಗೆ,

ನಲ್ಲಿ ಸೋರುತ್ತದೆ. ಅದನ್ನು ರಿಪೇರಿ ಮಾಡಬೇಕೋ ಪರಂಪರೆ ಅಂತ ಉಳಿಸಿಕೊಳ್ಳಬೇಕೋ ಎಂಬುದು ಮುಂದಿನ ಸಭೆಯ ಮೂರನೇ ವಿಷಯ.

ನಿನ್ನ ಮರಳಿನ ಮಾತನ್ನು ಸಭೆಯಲ್ಲಿ ಓದಿದೆ. ಇಂಜಿನಿಯರಮ್ಮ ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. ದೊಡ್ಡವರು ಓಡುವ ದಾರಿಯನ್ನೂ ನಕ್ಷೆಯಲ್ಲಿ ಹಿಂದಕ್ಕೆ ತಳ್ಳಿದ್ದಾರೆ. ನಿನ್ನ ಹೆಸರಿಗೆ ಚಪ್ಪಾಳೆ ಬಿತ್ತು. ಚಪ್ಪಾಳೆಯನ್ನು ನಿನ್ನ ಪರವಾಗಿ ನಾನು ಎದ್ದು ನಿಂತು ಸ್ವೀಕರಿಸಿದೆ. ಕುರ್ಚಿಯಿಂದ ಎದ್ದರೇ ನಾನು ನೆಟ್ಟಗೆ ಕಾಣುವುದು.

ಅದಾದ ಮೇಲೆ ನಡೆದದ್ದನ್ನು ಹೇಗೆ ಬರೆಯಲಿ.

ಪಾರ್ಕಿನ ಕಾವಲಿನವರು, ನಾವೆಲ್ಲ 'ಸೀಟಿಯವರು' ಅನ್ನುತ್ತೇವೆ, ಮಾತಾಡುವುದಕ್ಕಿಂತ ಸೀಟಿ ಊದುವುದೇ ಹೆಚ್ಚು. ಅವರು ಪಂಪಿನ ಮನೆ ಗುಡಿಸುವಾಗ ಒಂದು ಹಳೆ ವರದಿ ಪುಸ್ತಕ ಸಿಕ್ಕಿದೆ. ಪಾರ್ಕಿನಲ್ಲಿ ಏನಾದರೂ ಆದರೆ ಬರೆದಿಡುವ ಪುಸ್ತಕ. ಜಾರುಬಂಡೆಯನ್ನು ಮಕ್ಕಳಿಗೆ ಬಿಟ್ಟುಕೊಟ್ಟ ಮೊದಲ ದಿನದ ಪುಟ ಅದರಲ್ಲಿದೆ. ಅಧ್ಯಕ್ಷರು ಕನ್ನಡಕ ಏರಿಸಿ, ಪಾಠ ಓದುವ ದನಿಯಲ್ಲಿ ಓದಿದರು:

"ಇಂದು ಒಂದು ಮಗು ಮೇಲಿನಿಂದ ಬಿದ್ದು ಎಡಗೈ ಮುರಿದಿದೆ. ಮಗುವಿನ ತಪ್ಪಿಲ್ಲ. ತಪ್ಪು ಇದನ್ನು ಮಾಡಿದ ನನ್ನದು."

ಕೆಳಗೆ ಅಪ್ಪನ ಸಹಿ. ಅದೇ ಸಹಿ, ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ ವರ್ಷಕ್ಕೆ ಮೂರು ಸಲ ನಿಟ್ಟುಸಿರಿನ ಜೊತೆ ಬೀಳುತ್ತಿತ್ತಲ್ಲ, ಅದೇ. ಅಪ್ಪ ಹೀಗೆ ಬರೆದಿಟ್ಟದ್ದು ನಿನಗೆ ಗೊತ್ತಿತ್ತಾ? ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ಭಾನುವಾರ ಅಪ್ಪ ವೆಲ್ಡಿಂಗ್ ಸೆಟ್ಟನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಹೋಗಿದ್ದು, ಸಂಜೆಯವರೆಗೂ ಪಾರ್ಕಿನಲ್ಲಿ ಕಿಡಿ ಹಾರಿದ್ದು ನೆನಪಿದೆ. ಬದಿ ತಗ್ಗಾಗಿತ್ತು, ಎತ್ತರಿಸಿದರು ಅಂತಲೇ ನಾವೆಲ್ಲ ತಿಳಿದಿದ್ದು.

"ಮಾಡಿದವ್ರೇ ತಪ್ಪು ಅಂತ ಬರ್ದಿದ್ದಾರೆ ಮಾಸ್ಟ್ರೇ," ಅಂದರು ಇಂಜಿನಿಯರಮ್ಮ. ಪಾಪ, ಮೆಲ್ಲಗೇ ಅಂದರು. "ಇದು ದಾಖಲೆ. ಇದನ್ನ ನೋಡೂ ಉಳಿಸಿದ್ರೆ, ನಾಳೆ ಏನಾದ್ರೂ ಆದಾಗ ಯಾರು ಉತ್ತರ ಕೊಡ್ತಾರೆ?"

"ಬಿದ್ದ ಮಗು ಇನ್ನೂ ಇದೆ ಮೇಡಂ. ಈಗ ಅದಕ್ಕೆ ಐವತ್ತನಾಲ್ಕು."

"ಹಾಗಾದ್ರೆ ಅವರೇ ಬರೆದು ಕೊಡ್ಲಿ, ಹೇಗೆ ಬಿದ್ರು ಅಂತ. ದೋಷ ಜಾರುಬಂಡೆಯದ್ದಲ್ಲ ಅಂತಾದ್ರೆ ನೋಡ್ಬಹುದು."

ಮಾರ್ಚ್ ಒಂದಕ್ಕೆ ಗ್ಯಾಸ್ ಕಟರಿನವರು ಬರುತ್ತಾರೆ. ತುಂಡು ಮಾಡಿ ಗುಜರಿಗೆ ಹಾಕುತ್ತಾರೆ. ಅಪ್ಪನ ಕೈಯಿಂದ ಆದ ವಸ್ತು ಅಂತ ಈ ಊರಲ್ಲಿ ಉಳಿದಿರುವುದು ಅದೊಂದೇ. ನಮ್ಮ ಮನೆಯ ಗೇಟು ಕೂಡ ರಸ್ತೆ ಅಗಲ ಮಾಡುವಾಗ ಹೋಯಿತು.

ನಾಲ್ಕು ಸಾಲು ಬರೆದು ಕಳಿಸು. ಈ ಸಲ ತಮಾಷೆ ಮಾಡುತ್ತಿಲ್ಲ.

ಅಣ್ಣ


ಫೆಬ್ರವರಿ 9

ಮೊಂಡಿಗೆ,

ನಿನ್ನ ಉತ್ತರ ಬಂದಿಲ್ಲ. ಅಂಚೆಯವರನ್ನು ಕೇಳಿದೆ. "ಬಂದ್ರೆ ನಾನೇನು ಮನೇಲಿ ಇಟ್ಕೊತೀನಾ ಮಾಸ್ಟ್ರೇ" ಅಂದರು. ಅವರ ಪ್ಯಾಂಟಿನ ಜಿಪ್ಪು ನನ್ನ ಹತ್ತಿರ ಇದೆ, ಹಾಗಾಗಿ ಸುಳ್ಳು ಹೇಳಲಾರರು.

ಚಿಕ್ಕವರ ಮರಳು ಬಂದಿಳಿದಿದೆ. ಇನ್ನೂ ಬೇಲಿ ಹಾಕಿಲ್ಲ. ಆಗಲೇ ಊರಿನ ಅರ್ಧ ಬೆಕ್ಕುಗಳು ಉದ್ಘಾಟನೆ ಮಾಡಿವೆ. ಸೀಟಿಯವರು ದಿನವಿಡೀ ಬೆಕ್ಕುಗಳಿಗೆ ಸೀಟಿ ಊದುತ್ತಿದ್ದಾರೆ. ಬೆಕ್ಕುಗಳು ಸಮಿತಿಯ ಸದಸ್ಯರ ಹಾಗೆ ಕೇಳಿಸಿಕೊಂಡು ಮತ್ತೆ ಕೂರುತ್ತವೆ.

ಹುಷಾರಾಗಿದ್ದೀಯ ತಾನೆ?

ಅಣ್ಣ


ಫೆಬ್ರವರಿ 17

ತಂಗೀ,

ನೀನು ಯಾಕೆ ಬರೆಯುತ್ತಿಲ್ಲ ಅಂತ ನನಗೆ ಗೊತ್ತು. ನಲವತ್ತೇಳು ವರ್ಷ ನೀನು ಬಾಯಿಬಿಟ್ಟು ಕೇಳಲಿಲ್ಲ. ಈಗ ನಾನೇ ಹೇಳಿಬಿಡುತ್ತೇನೆ.

ಆ ದಿನ ಬೆಳಗ್ಗೆ ಅಪ್ಪ ನನಗೆ ಒಂದೇ ಕೆಲಸ ಹೇಳಿದ್ದು. "ನೀನು ಕೆಳಗೆ ನಿಂತ್ಕೋ. ಅವಳು ಜಾರಿ ಬಂದಾಗ ಹಿಡ್ಕೋ." ಹನ್ನೊಂದು ವರ್ಷದ ಹುಡುಗನಿಗೆ ಅಷ್ಟು ದೊಡ್ಡ ಕೆಲಸವೇನಲ್ಲ. ನಾನು ನಿಂತಿದ್ದೆ. ಸರದಿ ಉದ್ದ ಇತ್ತು. ಕಾಲು ನೋಯಿತು ಅಂತ ಬೆಂಚಿನ ಮೇಲೆ ಕೂತೆ. ಜೇಬಿನಲ್ಲಿ ವಾರಪತ್ರಿಕೆ ಇತ್ತು. ಅದರ ಧಾರಾವಾಹಿಯಲ್ಲಿ ಪತ್ತೇದಾರ ಬಾವಿಯೊಳಗೆ ಹಗ್ಗ ಹಿಡಿದು ನೇತಾಡುತ್ತಿದ್ದ, ಮೇಲೆ ಯಾರೋ ಹಗ್ಗ ಕೊಯ್ಯುತ್ತಿದ್ದ. ನಾನೂ ಅವನ ಜೊತೆ ನೇತಾಡುತ್ತಿದ್ದೆ. ದಬ್ ಅಂತ ಸದ್ದು ಕೇಳಿ ತಲೆ ಎತ್ತಿದಾಗ ನೀನು ನೆಲದ ಮೇಲಿದ್ದೆ.

"ಹಿಡಿಯೋಕೆ ಹೋದೆ ಅಪ್ಪಾ, ಕೈ ತಪ್ಪಿತು," ಅಂದೆ. ಅಪ್ಪ ನನ್ನನ್ನು ನೋಡಿದರು. ಏನೂ ಅನ್ನಲಿಲ್ಲ. ನಿನ್ನನ್ನು ಎತ್ತಿಕೊಂಡು ಓಡಿದರು.

ಆಮೇಲೆ ನಾನು ಆ ಜಾರುಬಂಡೆಯ ಹತ್ತಿರ ಸುಳಿದಿಲ್ಲ. ಈಗ ನನ್ನ ಅಂಗಡಿ ಅದರ ಬಲಗಡೆಗೆ ಎದುರಾಗಿದೆ, ದಿನಾ ನೋಡುತ್ತೇನೆ, ರಸ್ತೆ ದಾಟಿ ಹೋಗುವುದಿಲ್ಲ. ಅಪ್ಪನೂ ಪಾರ್ಕಿನ ಒಳಗೆ ಬರುವುದನ್ನು ಬಿಟ್ಟರು. ನಿನಗೆ ನೆನಪಿದೆಯೋ ಇಲ್ಲವೋ, ಎಷ್ಟೋ ವರ್ಷ ಕೆಲಸದಿಂದ ಬರುವಾಗ ಬೇಲಿಯ ಹೊರಗೆ ಸೈಕಲ್ ನಿಲ್ಲಿಸಿ, ಒಂದು ಕಾಲು ಪೆಡಲಿನ ಮೇಲಿಟ್ಟು ಜಾರುಬಂಡೆಯನ್ನೇ ನೋಡುತ್ತಿದ್ದರು. ಮನೆಗೆ ಬಂದು ನಿನ್ನನ್ನು ಕೇಳುತ್ತಿದ್ದರು, "ಇವತ್ತು ಪಾರ್ಕಿಗೆ ಹೋಗಿದ್ದೆಯೇನಮ್ಮ?" ಮಗಳ ಕೈ ಮುರಿದ ವಸ್ತುವನ್ನು ಮಾಡಿದೆನಲ್ಲ ಅಂತ ನೋಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಆ ನೋವು ನನ್ನದಾಗಬೇಕಿತ್ತು. ಅವರು ಹೊತ್ತುಕೊಂಡರು, ಪುಸ್ತಕದಲ್ಲೂ ಬರೆದಿಟ್ಟರು, ನಾನು ಸುಮ್ಮನಿದ್ದೆ.

ನೀನು ಕೋಪ ಮಾಡಿಕೊಂಡರೆ ತಪ್ಪಿಲ್ಲ. ಆದರೆ ಕೋಪ ನನ್ನ ಮೇಲಿರಲಿ, ಜಾರುಬಂಡೆಯ ಮೇಲೆ ಬೇಡ. ಸಮಿತಿಗೆ ಹೀಗೇ ಬರೆ: 'ಹಿಡಿಯಬೇಕಾದವನು ಪೇಪರ್ ಓದುತ್ತಿದ್ದ.' ನಾನೇ ಎದ್ದು ನಿಂತು ಓದುತ್ತೇನೆ.

ಆ ಪತ್ತೇದಾರ ಮುಂದಿನ ವಾರ ತಾನೇ ಬಾವಿಯಿಂದ ಹತ್ತಿ ಬಂದ. ಅವನಿಗೆ ನಾನು ಬೇಕಾಗಿಯೇ ಇರಲಿಲ್ಲ.

ಅಣ್ಣ


ಫೆಬ್ರವರಿ 24

ಅಣ್ಣಾ,

ನಿನ್ನ ಕಾಗದ ಮೂರು ಸಲ ಓದಿದೆ. ಮೊದಲ ಸಲ ಅತ್ತೆ, ಎರಡನೇ ಸಲ ಬೈದೆ, ಮೂರನೇ ಸಲ ಪತ್ತೇದಾರನ ಹತ್ತಿರ ಬಂದಾಗ ನಕ್ಕೆ. ಭಾವ ಬಾಗಿಲಲ್ಲಿ ನಿಂತು, "ನಿಮ್ಮಣ್ಣಂದು ತಾನೆ? ಬೇರೆ ಯಾರ ಕಾಗದಕ್ಕೂ ನೀನು ಹೀಗಾಗಲ್ಲ" ಅಂದರು.

ನೀನು ಕೆಳಗೆ ನಿಂತಿದ್ದರೂ ನನ್ನನ್ನು ಹಿಡಿಯಲು ಆಗುತ್ತಿರಲಿಲ್ಲ. ನಾನು ಜಾರಲೇ ಇಲ್ಲ.

ಮೇಲೆ ಹತ್ತಿದೆ. ಏಳು ಮೆಟ್ಟಿಲು ಎಣಿಸಿಕೊಂಡೇ ಹತ್ತಿದೆ. ಅಪ್ಪ ಮೆಟ್ಟಿಲುಗಳ ನಡುವಿನ ಎತ್ತರವನ್ನು ನನ್ನ ಮಂಡಿಗೆ ಹಿಡಿದು ಅಳೆದಿದ್ದರಲ್ಲ, ದಾರದಲ್ಲಿ ಗಂಟು ಹಾಕಿ. ಮನೆಯವರೆಲ್ಲ ಕೂತಿದ್ದಾಗ ನನ್ನನ್ನು ನಿಲ್ಲಿಸಿ, "ಅಲ್ಲಾಡ್ಬೇಡಮ್ಮ, ನೀನೇ ನನ್ನ ಅಳತೆ ಕೋಲು" ಅಂದಿದ್ದರು. ಹತ್ತುವಾಗ ನನ್ನದೇ ಅಂತ ಅನ್ನಿಸಿತು. ಮೇಲೆ ನಿಂತು ಕೆಳಗೆ ನೋಡಿದಾಗ ತಗಡು ಬಿಸಿಲಿಗೆ ಹೊಳೆದು ಕಣ್ಣು ಕುಕ್ಕಿತು. ಕೆಳಗಿನ ತುದಿ ಕಾಣಲೇ ಇಲ್ಲ. ಕೂರಲು ಹೋದವಳು ಮತ್ತೆ ಎದ್ದು ನಿಂತೆ.

ಹಿಂದೆ ಮೆಟ್ಟಿಲ ತುಂಬ ಮಕ್ಕಳು. ತಳ್ಳಾಟ, ಕೂಗಾಟ, ಅವರಿಗೆ ನನ್ನ ಕಡೆ ಗಮನವಿಲ್ಲ. ಇಳಿದು ಹೋಗಬೇಕಾದರೆ ಅವರೆಲ್ಲರನ್ನೂ ಇಳಿಸಬೇಕು. ಆಗ ಎಲ್ಲರಿಗೂ ಗೊತ್ತಾಗುತ್ತದೆ, ಮಾಡಿದವರ ಮಗಳೇ ಹೆದರಿದಳು ಅಂತ. ಅಪ್ಪ ದೂರದಲ್ಲಿ ನಲ್ಲಿಯ ಹತ್ತಿರ ಇದ್ದರು. ಬಗ್ಗಿ ಮುಖ ತೊಳೆಯುತ್ತಿದ್ದಾರೆ, ನೋಡುತ್ತಿಲ್ಲ ಅಂದುಕೊಂಡೆ. ಎಡಗಡೆ ಖಾಲಿ ಇತ್ತು. ಹಾರಿಬಿಟ್ಟೆ.

"ಜಾರ್ತಾ ಇದ್ದೆ ಅಪ್ಪಾ, ಬದಿಯಿಂದ ಬಿದ್ದೆ," ಅಂದೆ. ಇಷ್ಟೇ. ಈ ಒಂದು ಮಾತಿಗೆ ಅಪ್ಪ ಭಾನುವಾರವೆಲ್ಲ ಬಿಸಿಲಲ್ಲಿ ಕೂತು ವೆಲ್ಡ್ ಮಾಡಿದರು. ಸರಿಯಾಗಿಯೇ ಇದ್ದದ್ದನ್ನು ಸರಿ ಮಾಡಿದರು. ಪುಸ್ತಕದಲ್ಲಿ 'ತಪ್ಪು ನನ್ನದು' ಅಂತ ಬರೆದರು ಅಂತ ನೀನು ಬರೆದ ಮೇಲೆ ಪೆನ್ನು ಹಿಡಿಯಲು ಆಗಲಿಲ್ಲ. ನಿನ್ನ ಮೇಲಿನ ಕೋಪಕ್ಕೆ ಸುಮ್ಮನಿದ್ದೆ ಅಂದುಕೊಂಡೆಯಲ್ಲ. ನಿನ್ನ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ ಮಾರಾಯ. ಬೇಸರ ಮಾಡಿಕೊಳ್ಳಬೇಡ.

ಪ್ಲಾಸ್ಟರ್ ಕೋಣೆಗೆ ಬರುವ ಪ್ರತಿ ಮಗುವನ್ನೂ ನಾನು ಕೇಳಬೇಕು: ಹೇಗೆ ಬಿದ್ದೆ ಪುಟ್ಟಾ? ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ಅರ್ಧ ಮಕ್ಕಳು ಸುಳ್ಳು ಹೇಳುತ್ತವೆ, ಹೇಳುವಾಗಲೇ ನನಗೆ ಗೊತ್ತಾಗುತ್ತದೆ. ಯಾರನ್ನೋ ಕಾಪಾಡಲು ಹೇಳುತ್ತಿರುತ್ತವೆ. ಅವು ಹೇಳಿದ್ದನ್ನೇ ಬರೆದುಕೊಂಡು ಪ್ಲಾಸ್ಟರ್ ಹಚ್ಚುತ್ತೇನೆ.

ಸಮಿತಿಗೆ ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. 'ನಾನು ಜಾರುಬಂಡೆಯ ದೋಷದಿಂದ ಬೀಳಲಿಲ್ಲ. ಹೆದರಿ, ಯಾರಿಗೂ ಹೇಳದೆ, ಎಡಗಡೆಗೆ ಹಾರಿದೆ. ಅದರ ಮೇಲೆ ನಾನು ಇಂದಿನವರೆಗೆ ಒಮ್ಮೆಯೂ ಜಾರಿಲ್ಲ.' ಕೆಳಗೆ ಸಹಿ, ನನ್ನ ಕೆಲಸ, ವಯಸ್ಸು. ಓದುವಾಗ ನೀನು ಮೊದಲು ನಗಬೇಡ. ಅಧ್ಯಕ್ಷರು ನಕ್ಕರೆ ಸೇರಿಕೋ.

ಒಂದನೇ ತಾರೀಖಿನೊಳಗೆ ತಲುಪಲಿ ಅಂತ ನಾನೇ ಹೋಗಿ ಅಂಚೆಗೆ ಹಾಕುತ್ತೇನೆ.

ನಿನ್ನ ತಂಗಿ


ಮಾರ್ಚ್ 2

ಮೊಂಡಿಗೆ,

ಕೂತು ಓದು. ಈ ಸಲ ನಿಜವಾಗಿ ಹೇಳುತ್ತಿದ್ದೇನೆ.

ನಿನ್ನ ಕಾಗದ ಮೊನ್ನೆ ಮಧ್ಯಾಹ್ನ ಬಂತು. ನಾನು ಒಂದು ಮಗುವಿನ ಭುಜ ಅಳೆಯುತ್ತಿದ್ದೆ. ಓದಿ ಮುಗಿಸುವಷ್ಟರಲ್ಲಿ ಆ ಮಗು ಟೇಪು ಕತ್ತಿಗೆ ಸುತ್ತಿಕೊಂಡು ಮನೆಗೆ ಹೋಗಿತ್ತು.

ನಿನ್ನೆ ಬೆಳಗ್ಗೆ ಕಟರಿನವರು ಸಿಲಿಂಡರ್ ಇಳಿಸುತ್ತಿದ್ದರು. ನಾನು ರಸ್ತೆ ದಾಟಿ ಒಳಗೆ ಹೋಗಿ ಜಾರುಬಂಡೆಯ ಕೆಳಗಿನ ತುದಿಯಲ್ಲಿ ನಿಂತುಕೊಂಡೆ. ಹನ್ನೊಂದು ವರ್ಷದವನು ನಿಲ್ಲಬೇಕಾಗಿದ್ದ ಜಾಗ. ಸಮಿತಿಯವರೆಲ್ಲ ಸೇರಿದರು. ಓದಿದೆ. ಅಧ್ಯಕ್ಷರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಒರೆಸಿದ್ದನ್ನೇ ಒರೆಸಿದರು.

"ನಾನೂ ಹತ್ತಿ, ಮೆಟ್ಟಿಲಲ್ಲೇ ಇಳಿದು ಬಂದವನು," ಅಂದರು. "ಹಿಂದಿನವರೆಲ್ಲ ಬೈದ್ರು. ಆಮೇಲೆ ಆ ಕಡೆ ಹೋಗ್ಲಿಲ್ಲ."

ಸಮಿತಿಯ ಪಂಪಿನವರು ನಾನೂ ಅಂತ ಕೈ ಎತ್ತಿದರು. ಲೈಬ್ರರಿಯಮ್ಮ ಎತ್ತಿದರು. ಸೀಟಿಯವರು ಸಮಿತಿಯಲ್ಲಿ ಇಲ್ಲದಿದ್ದರೂ ಎತ್ತಿದರು. ಊರಿನ ಮಕ್ಕಳ ಆಟದ ಬಗ್ಗೆ ತೀರ್ಮಾನ ತೆಗೆದುಕೊಳ್ಳುವವರಲ್ಲಿ ಇಷ್ಟು ಜನ ಜಾರುಬಂಡೆ ಜಾರದವರು ಅಂತ ಯಾರಿಗೆ ಗೊತ್ತಿತ್ತು.

ಇಂಜಿನಿಯರಮ್ಮ ಮಾತ್ರ ಆಗಲೇ ನಕ್ಷೆ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದರು. "ಹತ್ತೋ ದಾರಿ ಬರ್ದಿದ್ದೀನಿ, ಜಾರೋ ದಾರಿ ಬರ್ದಿದ್ದೀನಿ. ಹೆದರಿದ ಮಗು ಇಳಿಯೋ ದಾರಿ ಬರ್ದೇ ಇಲ್ಲ ಮಾಸ್ಟ್ರೇ." ಈಗ ಮೂರೂ ಪಾಲಿನಲ್ಲಿ, ಎತ್ತರದ ಯಾವ ಸಾಮಾನಿಗೂ ಹಿಂದಿನಿಂದ ಬೇರೆ ಮೆಟ್ಟಿಲು ಬರುತ್ತದೆ. ಯಾರನ್ನೂ ತಳ್ಳದೆ, ಯಾರಿಗೂ ಕಾರಣ ಹೇಳದೆ ಇಳಿದು ಹೋಗಬಹುದು. ಮೊದಲ ಮೆಟ್ಟಿಲನ್ನು ನಿನ್ನ ಲೆಕ್ಕಕ್ಕೆ ಹಾಕಿದ್ದಾರೆ.

ಇನ್ನು ಮುಖ್ಯವಾದದ್ದು. ನಿನ್ನ ಹೇಳಿಕೆಯನ್ನು ಆ ಹಳೆ ಪುಸ್ತಕದಲ್ಲೇ ಅಂಟಿಸಲು ಇಂಜಿನಿಯರಮ್ಮ ಪುಟ ತಿರುಗಿಸಿದರು. ಮಾರನೆಯ ದಿನದ ತಾರೀಖು ಹಾಕಿ ಅಪ್ಪನ ಬರವಣಿಗೆ ಹಿಂಬದಿಯಲ್ಲೂ ಮುಂದುವರಿದಿತ್ತು. ಅಧ್ಯಕ್ಷರು ಆ ದಿನ ಸಹಿ ನೋಡಿದ್ದೇ ಪುಸ್ತಕ ಮುಚ್ಚಿದ್ದರು. ಜನ್ಮವಿಡೀ ಮಕ್ಕಳಿಗೆ 'ಪುಟ ತಿರುಗಿಸಿ ನೋಡ್ರೋ' ಎಂದು ಹೇಳಿದವರು. ಹಿಂಬದಿಯಲ್ಲಿ ಇರುವುದನ್ನು ಇದ್ದ ಹಾಗೆ ಬರೆಯುತ್ತೇನೆ:

'ಮೇಲೆ ನಿಂತ ಮಗುವಿಗೆ ಹೆದರಿಕೆಯಾದರೆ ಹಿಡಿದುಕೊಳ್ಳಲು ಏನೂ ಇಟ್ಟಿರಲಿಲ್ಲ. ಅದನ್ನು ನಾನು ಯೋಚಿಸಬೇಕಿತ್ತು. ಎಡಗಡೆ ಕಂಬಿ ಹಾಕಿದ್ದೇನೆ. ಮಗುವಿನ ಹತ್ತಿರ ಯಾರೂ ಏನೂ ಕೇಳಬಾರದು.'

ನಾನು ಜಾರುಬಂಡೆಯ ಎಡಗಡೆಗೆ ಹೋದೆ. ನಲ್ಲಿಯ ಕಡೆಗೆ. ಅಂಗಡಿಯಿಂದ ಕಾಣದ ಕಡೆಗೆ. ಮೇಲ್ಗಡೆ, ನಿಲ್ಲುವ ಜಾಗದಲ್ಲಿ, ಒಂದು ಕಂಬಿ ಇದೆ. ಏಳು ವರ್ಷದ ಮಗುವಿನ ಕೈ ಎತ್ತರಕ್ಕೆ. ಹಿಡಿದು ಹಿಡಿದು ಬಣ್ಣ ಹೋಗಿ ನಡುವೆ ಕನ್ನಡಿಯ ಹಾಗಾಗಿದೆ. ಇಂಜಿನಿಯರಮ್ಮ ಅಳೆದು ನೋಡಿದರು. ಐದರಿಂದ ಹತ್ತರವರಿಗೆ ಈಗಿನ ನಿಯಮ ಕೇಳುವ ಎತ್ತರಕ್ಕೆ ಒಂದು ಬೆರಳೂ ಹೆಚ್ಚುಕಡಿಮೆ ಇಲ್ಲ. ಜಾರುವ ತಗಡಿನ ಬದಿಗಳನ್ನೂ ನೋಡಿದರು. ಅವನ್ನು ಅಪ್ಪ ಮುಟ್ಟಿಯೇ ಇಲ್ಲ. ಮೊದಲು ಹೇಗಿತ್ತೋ ಹಾಗೇ ಇದೆ.

ನಲ್ಲಿಯ ಹತ್ತಿರ ನಿಂತು ನೋಡಿದೆ. ಮೇಲಿನ ಜಾಗ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಮುಖ ತೊಳೆಯುತ್ತಿದ್ದವರಿಗೂ ಕಾಣುತ್ತದೆ. ಅಪ್ಪ ಬೇಲಿಯ ಹೊರಗೆ ಸೈಕಲ್ ನಿಲ್ಲಿಸಿ ಏನು ನೋಡುತ್ತಿದ್ದರು ಅಂತ ನನಗೆ ಈಗ ಗೊತ್ತಾಯಿತು: ನೀನು ಮತ್ತೆ ಹತ್ತಿ ಆ ಕಂಬಿ ಹಿಡಿಯುತ್ತೀಯಾ ಅಂತ. ನಿನ್ನನ್ನು ದಿನಾ ಏನು ಕೇಳುತ್ತಿದ್ದರು ಅಂತಲೂ. ನನಗೆ ಏನೂ ಅನ್ನದೆ ಬಿಟ್ಟದ್ದೂ ಅದೇ ಲೆಕ್ಕದಲ್ಲೇ ಇರಬೇಕು. ಬೆಂಚು ಕೂಡ ನಲ್ಲಿಯಿಂದ ಕಾಣುತ್ತದೆ.

ಜಾರುಬಂಡೆ ಉಳಿಯುತ್ತದೆ. ನಡುವಿನ ಪಾಲಿನಲ್ಲಿ, ನಿನ್ನ ಮರಳಿನ ಮೇಲೆ, ತಗಡಿನ ಮೇಲೆ ನೆರಳಿನ ಚಾವಣಿ ಸಮೇತ. ಒಂದು ಷರತ್ತು. ಮಾರ್ಚ್ ಹದಿನೈದರ ಬೆಳಗ್ಗೆ ಎಂಟಕ್ಕೆ ಭಾರ ಪರೀಕ್ಷೆ. ಅರವತ್ತು ಕಿಲೋ ಮರಳಿನ ಚೀಲವನ್ನು ಮೇಲಿಂದ ಜಾರಿಸಿ ನೋಡಬೇಕಂತೆ. ಚೀಲ ಯಾಕೆ, ನನ್ನ ತಂಗಿ ಇದ್ದಾಳೆ ಅಂದೆ.

"ಅವ್ರ ತೂಕ ಎಷ್ಟು?"

"ಅದನ್ನ ಅವಳ ಗಂಡನೇ ಕೇಳೋ ಧೈರ್ಯ ಮಾಡಿಲ್ಲ ಮೇಡಂ."

ಬರುತ್ತೀಯಾ?

ಅಣ್ಣ


ಮಾರ್ಚ್ 8

ಅಣ್ಣಾ,

ಬರುತ್ತೇನೆ. ರಜೆ ಹಾಕಿದ್ದೇನೆ. ಕಾರಣ ಬರೆಯುವ ಜಾಗದಲ್ಲಿ 'ಬಾಕಿ ಉಳಿದ ಕೆಲಸ' ಅಂತ ಬರೆದೆ. ಹೆಡ್ ಸಿಸ್ಟರ್ ಏನೂ ಕೇಳಲಿಲ್ಲ.

ಅಪ್ಪ ಕೇಳಿದಾಗಲೆಲ್ಲ "ಹೋಗಿದ್ದೆ ಅಪ್ಪಾ" ಅನ್ನುತ್ತಿದ್ದೆ. ಉಯ್ಯಾಲೆ ಆಡಿದೆ ಅನ್ನುತ್ತಿದ್ದೆ, ಜಾರುಬಂಡೆಯ ಕಡೆ ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಅವರು "ಸರಿ ಬಿಡು" ಅಂದು ಅನ್ನಕ್ಕೆ ಕೈ ಹಾಕುತ್ತಿದ್ದರು. ಆ 'ಸರಿ ಬಿಡು' ಎರಡು ದಿನದಿಂದ ಕಿವಿಯಲ್ಲೇ ಇದೆ. ನಿನ್ನೆ ಒಬ್ಬ ಹುಡುಗ ಮರದಿಂದ ಬಿದ್ದದ್ದನ್ನು ಮೆಟ್ಟಿಲಿಂದ ಬಿದ್ದೆ ಅಂತ ಹೇಳಿದ. ಮೊಣಕೈಯಲ್ಲಿ ತೊಗಟೆ ಅಂಟಿಕೊಂಡಿತ್ತು. ಒರೆಸಿ, 'ಮೆಟ್ಟಿಲು' ಅಂತಲೇ ಬರೆದುಕೊಂಡೆ. ಅವರಪ್ಪನನ್ನು ಮಾತ್ರ ಪಕ್ಕಕ್ಕೆ ಕರೆದು, ಅವನು ಹತ್ತುವ ಮರದ ಕೆಳಗೆ ಒಂದು ಬುಟ್ಟಿ ಮರಳು ಸುರಿಯಿರಿ ಅಂದೆ.

ನನ್ನ ತೂಕ ಅರವತ್ತೆಂಟು. ಚೀಲಕ್ಕಿಂತ ಎಂಟು ಕಿಲೋ ಹೆಚ್ಚು. ಇಂಜಿನಿಯರಮ್ಮನಿಗೆ ಮೊದಲೇ ಹೇಳಿಬಿಡು, ಆಮೇಲೆ ಪರೀಕ್ಷೆ ನಡೆಯುವಾಗ ಲೆಕ್ಕ ತಪ್ಪುವುದು ಬೇಡ. ಭಾವನಿಗೆ ಹೇಳಬೇಡ. ಹಳೆಯ ಸಲ್ವಾರ್ ಒಂದನ್ನು ಎತ್ತಿಟ್ಟಿದ್ದೇನೆ. ಹರಿದರೆ ಹೊಲಿಯಲು ಎದುರಿಗೇ ಅಂಗಡಿ ಇದೆ.

ಹೆದರಿಕೆಯಾದರೆ ಕಂಬಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಅವಸರ ಮಾಡಬಾರದು ಅಂತ ಅಧ್ಯಕ್ಷರಿಗೂ ಹೇಳು. ಏಳು ವರ್ಷದವಳ ಅಳತೆಗೆ ಮಾಡಿದ ಕಂಬಿ, ಈಗ ನನ್ನ ಮಂಡಿಯ ಹತ್ತಿರ ಬರಬಹುದು. ಬಗ್ಗಿ ಹಿಡಿಯುತ್ತೇನೆ.

ಹದಿನೈದರ ಬೆಳಗ್ಗೆ ಏಳರ ಬಸ್ಸಿಗೆ ಇಳಿಯುತ್ತೇನೆ, ನೇರ ಪಾರ್ಕಿಗೇ ಬರುತ್ತೇನೆ. ನಿನ್ನಿಂದ ಒಂದು ಸಣ್ಣ ಉಪಕಾರ ಆಗಬೇಕು. ಒಂದು ತುಂಡು ಮೇಣದಬತ್ತಿ ತಂದು ತಗಡಿಗೆ ಮೇಲಿಂದ ಕೆಳಗಿನವರೆಗೆ ಚೆನ್ನಾಗಿ ತಿಕ್ಕಿಡು, ನಡುವೆ ಸಿಕ್ಕಿಕೊಂಡರೆ ನಾಚಿಕೆ. ಆಮೇಲೆ ಕೆಳಗಿನ ತುದಿಯಲ್ಲಿ ಬಂದು ನಿಲ್ಲು. ಪೇಪರ್ ಮಾತ್ರ ಅಂಗಡಿಯಲ್ಲೇ ಬಿಟ್ಟು ಬಾ.

ನಿನ್ನ ತಂಗಿ